ಚುಕ್ಕೆಯಿಟ್ಟ ಮುಖ

ಹಳದಿ ಪುಡಿ ಈ ಸಲವೂ ಬಿಲ್ಲೆಯ ನೀಲಿ ಚುಕ್ಕೆಯಿಟ್ಟ ಮುಖಕ್ಕೇ ಹೋಗಿ ಕೂತಿತು.

ಇದು ಮೂರನೆಯ ಬಿಲ್ಲೆ. ಮೊದಲನೆಯದರಲ್ಲಿ ಹೀಗಾದಾಗ ತನ್ನ ಕೈ ನಡುಗಿರಬೇಕು ಅಂದುಕೊಂಡಿದ್ದ ನಿಧಾನಪ್ಪ. ಎರಡನೆಯದರಲ್ಲಿ ಪುಡಿಗೆ ತೇವ ತಗುಲಿರಬೇಕು ಅಂದುಕೊಂಡ. ಮೂರನೆಯದಕ್ಕೆ ಅಂದುಕೊಳ್ಳಲು ಏನೂ ಉಳಿದಿರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಕಾರ್ಖಾನೆಯ ಪರೀಕ್ಷಾ ಕೋಣೆಯ ಗಡಿಯಾರ ನೋಡಿದ. ಎರಡೂ ಇಪ್ಪತ್ತು.

ನಾಲ್ಕು ಗಂಟೆಗೆ ಮ್ಯಾನೇಜರ್ ಮೇಡಂ ಕೋಣೆಯಲ್ಲಿ ಒಂದು ಕಾಗದಕ್ಕೆ ಸಹಿ ಬೀಳಬೇಕಿತ್ತು. ಮೂವರು ರೋಗಿಗಳ ಕಾಲಿನೊಳಗೆ ಕೂರಿಸಿದ ಪಿಂಗಾಣಿ ಬಿಲ್ಲೆಗಳು ಮೂಳೆಗೆ ಬೆಸೆಯದೆ ಸಡಿಲವಾದದ್ದು ತನ್ನ ತಪ್ಪಿನಿಂದ ಎಂದು ಒಪ್ಪಿಕೊಳ್ಳುವ ಕಾಗದ. ಸಹಿ ಹಾಕಬೇಕಾದವಳು ಹದಿನಾಲ್ಕು ವರ್ಷದಿಂದ ಇಲ್ಲಿ ಕುಲುಮೆ ನೋಡಿಕೊಂಡವಳು. ಒಮ್ಮೆ ಸಹಿ ಬಿತ್ತೆಂದರೆ ಮತ್ತೆ ಯಾವ ಕಾರ್ಖಾನೆಯವರೂ ಅವಳ ಕೈಗೆ ಇಕ್ಕಳ ಕೊಡುವುದಿಲ್ಲ. ಅವಳು ನಿಧಾನಪ್ಪನ ತಮ್ಮನ ಹೆಂಡತಿ. ಸಡಿಲವಾದ ಮೂರರಲ್ಲಿ ಒಂದು ಬಿಲ್ಲೆ ಇದ್ದದ್ದು ನಿಧಾನಪ್ಪನ ಅಮ್ಮನ ಕಾಲಿನಲ್ಲಿ.

ಇಷ್ಟು ಗೊತ್ತಾದರೆ ಹಿಂದಿನದೆಲ್ಲ ಗೊತ್ತಾದ ಹಾಗೆ.

ಅಮ್ಮ ಮಾರುಕಟ್ಟೆಯ ಮೆಟ್ಟಿಲಲ್ಲಿ ಜಾರಿ ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡಾಗ, "ಬೇರೆಯವರದು ನನಗೆ ಒಗ್ಗಲ್ಲ, ನಮ್ಮ ಸೊಸೆ ಕೈಯಲ್ಲಿ ಬೆಂದಿದ್ದೇ ಹಾಕಿ" ಎಂದು ವೈದ್ಯರ ಮುಂದೆ ಹಟ ಹಿಡಿದಿದ್ದಳು. ಹಾಕಿದರು. ಮೂರು ತಿಂಗಳ ಮೇಲೆ ಕಾಲೂರಿದ ದಿನವೇ ಬಿಲ್ಲೆ ಜರುಗಿತು. ಅದನ್ನು ತೆಗೆಯಲು ಮತ್ತೆ ಕೊಯ್ದರು. ಈಗ ಅಮ್ಮ ಆಸ್ಪತ್ರೆಯ ಮಂಚದಲ್ಲಿದ್ದಾಳೆ, ಇನ್ನೊಂದು ಸಲ ಕೊಯ್ಯುವುದು ಬಾಕಿಯಿದೆ. ತಮ್ಮ ತನ್ನ ಹೆಂಡತಿಯೊಡನೆ ಮಾತು ಬಿಟ್ಟು ಇವತ್ತಿಗೆ ಆರು ವಾರ. ವ್ಯಾನಿನಲ್ಲಿ ಅವಳನ್ನು ಕರೆತರುತ್ತಾನೆ, ಕರೆದೊಯ್ಯುತ್ತಾನೆ. ಹೇಳುವುದಿದ್ದರೆ ಅಣ್ಣನ ಮೂಲಕ. "ಅಣ್ಣ, ಹಿಂದಿನ ಬಾಗಿಲು ಸರಿಯಾಗಿ ಹಾಕೋಕೆ ಹೇಳು" ಎಂದು ಇವತ್ತು ಬೆಳಿಗ್ಗೆಯೂ ಹೇಳಿದ್ದ. ಅವಳು ಇದ್ದದ್ದು ಒಂದು ಮೊಳ ಹಿಂದೆ.

"ಹಳದಿ ಕೂತರೆ ಪ್ಲಸ್ಸು ಅಲ್ವೇನಮ್ಮ?" ಎಂದು ನಿಧಾನಪ್ಪ ತಮ್ಮನ ಹೆಂಡತಿಯನ್ನು ಕೇಳಿದ.

"ಹೌದು ಭಾವ."

"ಚುಕ್ಕೆ ಇರಬೇಕಾದ್ದು ಯಾವ ಮುಖದ ಮೇಲೆ?"

"ಮೈನಸ್ಸಿನ ಮೇಲೆ." ಕಿಟಕಿಯ ಹತ್ತಿರ ನಿಂತಿದ್ದವಳು ಬಿಲ್ಲೆಯ ಕಡೆ ನೋಡಲೂ ಇಲ್ಲ.

ಪುಡಿಯ ಉಪಾಯ ಹಳೆಯದು. ಗಂಧಕದ ಹಳದಿ ಪುಡಿ, ಸೀಸದ ಕೆಂಪು ಪುಡಿ ಎರಡನ್ನೂ ಬೆರೆಸಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಅಲುಗಿಸಬೇಕು. ಒಂದಕ್ಕೊಂದು ಉಜ್ಜಿಕೊಂಡು ಬೀಳುವಾಗ ಹಳದಿ ಪ್ಲಸ್ಸಿಗೆ ಹೋಗಿ ಅಂಟುತ್ತದೆ, ಕೆಂಪು ಮೈನಸ್ಸಿಗೆ. ಮೂವತ್ತು ವರ್ಷ ವಿಮಾ ಕಂಪನಿಯ ಪರವಾಗಿ ಸುಟ್ಟ ಗೋದಾಮು, ಕುಸಿದ ಗೋಡೆ ನೋಡಿಕೊಂಡು ತಿರುಗಿದ ನಿಧಾನಪ್ಪ ಇಂಥ ನಾಲ್ಕಾರು ವಿದ್ಯೆ ಕಲಿತಿದ್ದ. ಯಂತ್ರಗಳಿಲ್ಲದ ಕಡೆ ಅವೇ ಯಂತ್ರ. ಆ ಅನುಭವ ನೋಡಿಯೇ ಮೇಡಂ ಸಹಿಗೆ ಮುಂಚೆ ಬಿಲ್ಲೆಗಳನ್ನು ಪರೀಕ್ಷಿಸಲು ಅವನಿಗೆ ಬಿಟ್ಟಿದ್ದರು. ನಿಧಾನಪ್ಪ ಅನ್ನುವುದು ತಮ್ಮ ಇಟ್ಟ ಹೆಸರು. ಒಂದು ಸೀಲು ಒಡೆಯಲು ಹತ್ತು ನಿಮಿಷ ತೆಗೆದುಕೊಳ್ಳುವವನಿಗೆ ಬೇರೆ ಯಾವ ಹೆಸರೂ ಒಪ್ಪುತ್ತಿರಲಿಲ್ಲ.

"ಕುಲುಮೆಯೊಳಗೆ ಏನಾಗುತ್ತೆ ಅಂತ ಇನ್ನೊಂದು ಸಲ ಹೇಳು. ಏನೂ ತಿಳಿಯದವನಿಗೆ ಹೇಳೋ ಹಾಗೆ ಹೇಳು."

ಅವಳು ಮೇಜಿನ ಹತ್ತಿರ ಬಂದಳು. ಮೇಜಿನ ಮೇಲಿದ್ದ ಎರಡು ಉಕ್ಕಿನ ತಟ್ಟೆಗಳನ್ನು ಒಂದರ ಮೇಲೊಂದು ಹಿಡಿದು ನಡುವೆ ಬಿಲ್ಲೆ ಇಟ್ಟಳು. ಕೆಲಸದ ಮಾತು ಬಂದರೆ ಅವಳ ಧ್ವನಿಯೇ ಬೇರೆ.

"ಮೂಳೆಯಲ್ಲಿರೋ ಲವಣವನ್ನೇ ಒತ್ತಿ ಸುಟ್ಟು ಈ ಬಿಲ್ಲೆ ಮಾಡೋದು. ಸುಟ್ಟಿದ್ದು ಆರಿದ ಮೇಲೆ ಎರಡನೇ ಸಲ ಕುಲುಮೆಗೆ, ಹೀಗೆ ಎರಡು ತಟ್ಟೆ ಮಧ್ಯೆ. ಮೇಲಿನ ತಟ್ಟೆಗೆ ಪ್ಲಸ್, ಕೆಳಗಿನದಕ್ಕೆ ಮೈನಸ್. ಕಾದಾಗ ಒಳಗಿನ ಕಣಗಳು ಜರುಗುತ್ವೆ. ಕರೆಂಟ್ ತೆಗೀದೆ ಹಾಗೇ ಆರಿಸಬೇಕು. ಆರಿದ ಮೇಲೆ ಅವು ವಾಪಸ್ ಹೋಗಲ್ಲ. ಒಂದು ಮುಖ ಪ್ಲಸ್, ಇನ್ನೊಂದು ಮೈನಸ್ ಆಗಿ ಉಳ್ಕೊಳ್ಳುತ್ತೆ."

"ಮೂಳೆಗೆ ತಾಗಬೇಕಾದ್ದು ಮೈನಸ್."

"ಹೌದು. ಚುಕ್ಕೆ ನೋಡೇ ಡಾಕ್ಟರು ಆ ಮುಖವನ್ನ ಮೂಳೆ ಕಡೆ ಇಡೋದು. ಮೈನಸ್ ಮುಖ ರಕ್ತದಲ್ಲಿರೋ ಕ್ಯಾಲ್ಸಿಯಂ ಕಣಗಳನ್ನ ಮೊದಲು ತನ್ನ ಹತ್ತಿರ ಎಳ್ಕೊಳ್ಳುತ್ತೆ. ಆಮೇಲೆ ಮೂಳೆ ಕಟ್ಟೋ ಜೀವಕೋಶ ಬಂದು ಕೂರುತ್ವೆ. ಪ್ಲಸ್ ಮುಖ ತಾಗಿದ್ರೆ ಮೂಳೆ ಬೆಳೆಯೋದೇ ಇಲ್ಲ ಅಂತಲ್ಲ, ತಡ ಆಗುತ್ತೆ. ಕಾಲೂರೋ ದಿನ ಬಂದಿರುತ್ತೆ, ಒಳಗೆ ಬೆಸುಗೆ ಆಗಿರಲ್ಲ." ಸ್ವಲ್ಪ ತಡೆದು, "ಅತ್ತೆಗೆ ಆದ ಹಾಗೆ" ಅಂದಳು.

"ಸರಿ. ಮೇಲಿನ ತಟ್ಟೆ ಪ್ಲಸ್. ಹಾಗಾದ್ರೆ ಅದಕ್ಕೆ ತಾಗಿದ ಮುಖವೂ ಪ್ಲಸ್."

"ಅಲ್ಲ ಭಾವ. ಅದೇ ಮೈನಸ್ಸು."

ನಿಧಾನಪ್ಪ ತಲೆ ಎತ್ತಿದ.

"ಹೊಸಬರೆಲ್ಲ ಎಡವೋದು ಅಲ್ಲೇ" ಎಂದಳು. "ಪ್ಲಸ್ ತಟ್ಟೆ ಬಿಲ್ಲೆಯೊಳಗಿನ ಮೈನಸ್ಸನ್ನ ತನ್ನ ಕಡೆಗೆ ಎಳೆಯುತ್ತಲ್ಲ. ಆ ಮುಖ ಮೈನಸ್ ಆಗುತ್ತೆ. 'ಪ್ಲಸ್ ಕರೆದ್ರೆ ಓಡಿ ಬರೋದು ಮೈನಸ್ಸು.' ಕುಲುಮೆ ಕೋಣೆಗೆ ಯಾರೇ ಬರಲಿ, ಇದನ್ನ ಮೂರು ಸಲ ಬಾಯಲ್ಲಿ ಹೇಳಿಸದೆ ನಾನು ಇಕ್ಕಳ ಮುಟ್ಟೋಕೆ ಬಿಡಲ್ಲ. ನನಗೂ ಹಾಗೇ ಹೇಳಿಸಿದ್ರು."

ಅಲ್ಲೇ ನಿಧಾನಪ್ಪನೂ ಎಡವಿದ್ದ, ಬೆಳಿಗ್ಗೆ ವ್ಯಾನಿನಲ್ಲಿ ತಮ್ಮನೂ ಎಡವಿದ್ದ. ತಮ್ಮನದು ಮನೆಗಳಿಗೆ ಕರೆಂಟಿನ ತಂತಿ ಎಳೆಯುವ ಕೆಲಸ. "ಪ್ಲಸ್ಸಿಗೆ ಅಂಟಿದ್ದು ಪ್ಲಸ್ಸೇ, ಇದಕ್ಕೂ ಮೇಷ್ಟ್ರು ಬೇಕಾ" ಎಂದು ಗೇರು ಬದಲಿಸುತ್ತಾ ಹೇಳಿದ್ದ. ಫ್ಯೂಸು ಸುಟ್ಟರೂ, ನಲ್ಲಿ ಸೋರಿದರೂ, ಅನ್ನ ತಳ ಹತ್ತಿದರೂ ಅವನ ತೀರ್ಪು ಮುಗಿಯುವುದು ಆ ಮೇಷ್ಟ್ರಲ್ಲೇ. ಹೆಂಡತಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ "ಅದೇನೋ ಬಿಲ್ಲೆ ಬೇಯಿಸ್ತಾಳೆ" ಅನ್ನುತ್ತಾನೆ. ಹನ್ನೊಂದು ವರ್ಷದ ಸಂಸಾರದಲ್ಲಿ ಆ 'ಅದೇನೋ' ಏನೆಂದು ಅವನು ಕೇಳಿದ್ದಿಲ್ಲ.

ನಿಧಾನಪ್ಪ ಭೂತಗನ್ನಡಿ ಹಿಡಿದು ಬಿಲ್ಲೆಯ ಮೇಲೆ ಬಗ್ಗಿದ. ಚುಕ್ಕೆ ಇಲ್ಲದ ಮುಖದಲ್ಲಿ, ಕೆಂಪು ಪುಡಿಯ ಅಡಿಯಲ್ಲಿ, ಕೊಕ್ಕೆಯ ಆಕಾರದ ಬೂದು ಗೆರೆಯೊಂದಿತ್ತು. ಕೂದಲೆಳೆಯಷ್ಟು.

"ಇದೇನು?"

"ನಮ್ಮ ಮೇಲಿನ ತಟ್ಟೆಗೆ ಒಂದು ಗೀರು ಬಿದ್ದಿದೆ. ಅದರ ಅಚ್ಚು. ತೊಳೆದ್ರೂ ಹೋಗಲ್ಲ."

"ಅಂದ್ರೆ ಇದು ಮೇಲಿನ ಮುಖ. ಪ್ಲಸ್ ತಟ್ಟೆಗೆ ತಾಗಿದ್ದು. ಆದ್ದರಿಂದ ಮೈನಸ್. ಚುಕ್ಕೆ ಇಲ್ಲಿರಬೇಕಿತ್ತು."

"ಹೌದು."

"ನಿನ್ನ ಚುಕ್ಕೆ ಹೇಗಿರುತ್ತೆ?"

ಅವಳು ಗುರುತಿನ ಶಾಯಿಯ ಬಾಟಲಿ ತೆರೆದಳು. ಆಪರೇಷನ್‌ಗೆ ಮೊದಲು ವೈದ್ಯರು ಚರ್ಮದ ಮೇಲೆ ಗೆರೆ ಎಳೆಯುವ ನೀಲಿ ಶಾಯಿ ಅದು. ಬೆಂಕಿಕಡ್ಡಿಯ ತುದಿ ಅದ್ದಿ ಕಾಗದದ ಮೇಲೆ ಒತ್ತಿದಳು. ಕಡ್ಡಿ ಎತ್ತುವಾಗ ಚುಕ್ಕೆಗೆ ಸಣ್ಣ ಬಾಲ ಬಂತು. ನಿಧಾನಪ್ಪ ಅದನ್ನೂ ಬಿಲ್ಲೆಯ ಚುಕ್ಕೆಯನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ. ಬಿಲ್ಲೆಯ ಮೇಲಿನ ಚುಕ್ಕೆ ದುಂಡಗಿತ್ತು. ಬಾಲ ಇರಲಿಲ್ಲ.

"ಇದು ನಿನ್ನ ಚುಕ್ಕೆಯಲ್ಲ" ಎಂದ. "ಇದನ್ನ ಇಟ್ಟವರಿಗೆ ಕುಲುಮೆ ಕೋಣೆಯ ಪಾಠವೂ ಗೊತ್ತಿಲ್ಲ. ಇಷ್ಟು ಸಾಕಮ್ಮ, ಮೇಡಂ ಒಪ್ಪಲೇಬೇಕು."

ಅವನು ನಿರೀಕ್ಷಿಸಿದ್ದು ಒಂದು ನಿಟ್ಟುಸಿರನ್ನಾದರೂ. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಅದು ಆಗಲೇ ಬಿಗಿಯಾಗಿತ್ತು.

"ಬಿಡಿ ಭಾವ. ಹೇಗೋ ಆಗಿದ್ದು ಆಯ್ತು."

"ಪ್ಯಾಕಿಂಗ್ ಕೋಣೆಯಿಂದ ಇದರ ಬಗ್ಗೆ ನಿನಗೆ ಯಾರಾದ್ರೂ ಫೋನ್ ಮಾಡಿದ್ರಾ?"

"ನನ್ನ ಫೋನು ರಿಪೇರಿಗೆ ಕೊಟ್ಟಿದೀನಿ."

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಎಷ್ಟು ದಿನದಿಂದ ರಿಪೇರಿಯಲ್ಲಿದೆ ಎಂದು ಕೇಳಬೇಕಿತ್ತು. ನಿಧಾನಪ್ಪ ಕೇಳಲಿಲ್ಲ. ಮನೆಯವರನ್ನು ಪ್ರಶ್ನಿಸುವಾಗ ಮಾತ್ರ ಅವನಿಗೆ ಅವಸರ ಬರುತ್ತದೆ.

ಕುಲುಮೆಯಿಂದ ಹೊರಬಿದ್ದ ಬಿಲ್ಲೆ ಆಸ್ಪತ್ರೆಗೆ ಹೋಗುವ ಮುಂಚೆ ಹಾದುಹೋಗುವುದು ಒಂದೇ ಕೋಣೆಯನ್ನು. ಅದು ಪ್ಯಾಕಿಂಗ್ ಕೋಣೆ, ಅಲ್ಲಿನ ಮೇಲ್ವಿಚಾರಕರನ್ನು ಕಾರ್ಖಾನೆಯವರೆಲ್ಲ ಚೀಟಿ ಸಾಹೇಬ್ರು ಅನ್ನುತ್ತಾರೆ. ಬಾಗಿಲ ಬಳಿ 'ಚಪ್ಪಲಿ ಇಲ್ಲಿ' ಎಂಬ ಚೀಟಿ. ಕತ್ತರಿಯ ಮೇಲೆ 'ಕತ್ತರಿ'. ಖಾಲಿ ಖಾನೆಯೊಂದರ ಮೇಲೆ 'ಖಾಲಿ'. ಸಾಹೇಬರ ಮುಂದೆ ಕಾರ್ಬನ್ ಹಾಳೆ ಹಾಕಿದ ಪುಸ್ತಕವಿತ್ತು. ಯಾವುದನ್ನೇ ಬರೆದರೂ ಅವರಿಗೆ ಎರಡು ಪ್ರತಿ ಬೇಕು, ಬಿಳಿಯದು ಒಂದು, ಹಳದಿಯದು ಒಂದು.

"ಬನ್ನಿ ಸಾರ್, ಕೂತ್ಕೊಳ್ಳಿ. ಪಾಪ, ಆ ಹೆಣ್ಣುಮಗಳ ವಿಷಯ ಕೇಳಿ ಬೇಜಾರಾಯ್ತು. ಒಳ್ಳೆ ಕೆಲಸಗಾರ್ತಿ."

"ಒಂದು ಪೆನ್ನು ಕೊಡ್ತೀರಾ?"

ಸಾಹೇಬರು ಅಂಗಿಯ ಜೇಬಿನಿಂದ ಒಂದನ್ನು ಕೊಟ್ಟರು.

"ಇದಲ್ಲ. ಚರ್ಮದ ಮೇಲೆ ಬರೆಯೋದು. ನೀಲಿ."

"ಅಂಥದ್ದು ಇಲ್ಲಿ ಯಾಕಿರುತ್ತೆ ಸಾರ್? ಗುರುತು ಹಾಕೋದೆಲ್ಲ ಕುಲುಮೆಯೋರ ಕೆಲಸ." ಹೇಳುತ್ತಲೇ ಅವರ ಎಡಗೈ ಮೇಜಿನ ಎರಡನೆಯ ಖಾನೆಯನ್ನು ಸರಿಯಾಗಿ ಮುಚ್ಚಿದೆಯೇ ಎಂದು ಒತ್ತಿ ನೋಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಸಾಹೇಬರ ಹೆಗಲು ಆ ಖಾನೆಯಲ್ಲಿತ್ತು.

ನಿಧಾನಪ್ಪ ಎದ್ದು ಖಾನೆ ಎಳೆದ. ಪೆನ್ನು ಅಲ್ಲೇ ಇತ್ತು. ಅದರ ಮೇಲೂ ಚೀಟಿ ಇತ್ತು, 'ನೀಲಿ ಪೆನ್' ಎಂದು. ಬೇರೆ ಯಾವ ಅಪರಾಧಿಯೂ ತನ್ನ ಆಯುಧಕ್ಕೆ ಹೆಸರು ಬರೆದು ಅಂಟಿಸಿದ್ದನ್ನು ಅವನು ಕಂಡಿರಲಿಲ್ಲ.

ಕಾಗದದ ಮೇಲೆ ಒಂದು ಚುಕ್ಕೆ ಇಟ್ಟ. ದುಂಡಗೆ ಬಂತು. ಪಕ್ಕದಲ್ಲಿ ಬಿಲ್ಲೆ ಇಟ್ಟ. ಭೂತಗನ್ನಡಿಯನ್ನು ಸಾಹೇಬರ ಕಡೆ ಜರುಗಿಸಿದ.

"ನೋಡ್ತೀರಾ?"

"ಬೇಡ ಸಾರ್."

"ಎಷ್ಟು ಬಿಲ್ಲೆ?"

ಸಾಹೇಬರು ಭೂತಗನ್ನಡಿಯನ್ನು ಹಿಂದಕ್ಕೆ ತಳ್ಳಿದರು. ಆಮೇಲೆ ಲೆಕ್ಕ ಒಪ್ಪಿಸುವ ಧ್ವನಿಯಲ್ಲೇ ಹೇಳಿದರು. "ನಲವತ್ತು. ಹನ್ನೊಂದು ಜನರ ಕಾಲಿಗೆ ಹೋಯ್ತು. ಎಂಟು ಜನಕ್ಕೆ ತಡವಾಗಿಯಾದ್ರೂ ಮೂಳೆ ಕೂಡ್ತು. ಮೂರು ಕೂಡಲಿಲ್ಲ. ಉಳಿದಿದ್ದು ವಾಪಸ್ ತರಿಸಿದೀವಿ."

"ಯಾಕೆ ಇಟ್ರಿ?"

"ತೊಳೆಯೋ ದ್ರಾವಣ ಬದಲಾಯಿಸಿದ್ದೆ ಸಾರ್. ಹೊಸದು ಬೇಗ ಒಣಗುತ್ತೆ ಅಂತ. ಮೇಲಿನವರನ್ನ ಕೇಳಿರಲಿಲ್ಲ. ಬೋಗುಣಿಯಿಂದ ಎತ್ತಿ ನೋಡ್ತೀನಿ, ಒಂದರ ಮೇಲೂ ಚುಕ್ಕೆ ಇಲ್ಲ. ನಲವತ್ತೂ ಬೋಳು."

"ವಾಪಸ್ ಕುಲುಮೆಗೆ ಕಳಿಸಬಹುದಿತ್ತು."

"ಕಳಿಸಿದ್ರೆ ಯಾಕೆ ಅಂತ ಕೇಳ್ತಾರೆ. ಹೇಳಬೇಕಾಗುತ್ತೆ."

"ಅದಕ್ಕೆ ಅಂದಾಜಿನ ಮೇಲೆ ಚುಕ್ಕೆ ಇಟ್ಟುಬಿಟ್ರಿ."

ಸಾಹೇಬರು ಮೊದಲ ಬಾರಿಗೆ ನೊಂದುಕೊಂಡರು. ಕದ್ದ ಎಂದರೂ ಅವರು ತಡೆದುಕೊಳ್ಳುತ್ತಿದ್ದರೇನೋ, ಅಂದಾಜು ಎಂದದ್ದನ್ನು ತಡೆಯಲಾಗಲಿಲ್ಲ.

"ಇಪ್ಪತ್ತಾರು ವರ್ಷದಲ್ಲಿ ನಾನು ಅಂದಾಜಿನ ಮೇಲೆ ಒಂದು ಪೆಟ್ಟಿಗೆ ಕಟ್ಟಿಲ್ಲ ಸಾರ್. ಬೂದು ಗೆರೆ ಇರೋದು ಮೇಲಿನ ಮುಖ ಅಂತ ಗೊತ್ತಿತ್ತು. ಮೇಲಿನ ತಟ್ಟೆ ಪ್ಲಸ್ ಅಂತ ಕುಲುಮೆ ಪುಸ್ತಕದಲ್ಲಿ ಇತ್ತು. ಪ್ಲಸ್ ತಟ್ಟೆಗೆ ತಾಗಿದ ಮುಖ ಏನಾಗುತ್ತೆ ಅನ್ನೋದೊಂದು ಗೊತ್ತಿರಲಿಲ್ಲ. ಕೇಳಿದೆ."

"ಯಾರನ್ನ?"

"ಕುಲುಮೆಯೋರನ್ನೇ. ಅವತ್ತು ಅವರಿಗೆ ರಜ. ಮೊಬೈಲಿಗೆ ಫೋನ್ ಮಾಡಿದೆ."

ನಿಧಾನಪ್ಪ ಭೂತಗನ್ನಡಿಯನ್ನು ಮಡಿಸಿ ಜೇಬಿಗೆ ಹಾಕಿದ. ಎರಡು ಸಲ ಜೇಬು ತಪ್ಪಿ ಮೂರನೆಯ ಸಲಕ್ಕೆ ಸಿಕ್ಕಿತು. ಕುಲುಮೆಯವಳು ಇಂಥ ತಪ್ಪು ಮಾಡುವವಳೇ ಅಲ್ಲ ಎಂದು ಮೇಡಂ ಮುಂದೆ ಹೇಳಲು ಅವನು ಮಾತು ಜೋಡಿಸಿಕೊಂಡಿದ್ದ. ತಪ್ಪು ಉತ್ತರ ಅವಳ ಫೋನಿನಿಂದಲೇ ಬಂದಿದ್ದರೆ ಆ ಮಾತು ಅವಳ ಕೊರಳಿಗೇ ಸುತ್ತಿಕೊಳ್ಳುತ್ತದೆ. ಗೊತ್ತಿದ್ದೂ ತಪ್ಪು ಹೇಳಿದಳು ಎಂದಾಗುತ್ತದೆ.

"ಚೀಟಿ ಇದೆಯಾ?"

ಇದ್ದೇ ಇತ್ತು. ಸಾಹೇಬರು ಪುಸ್ತಕಗಳ ಕಟ್ಟು ಬಿಚ್ಚಿ, ಐದು ತಿಂಗಳ ಹಿಂದಕ್ಕೆ ಹೋಗಿ, ಬಿಳಿ ಪ್ರತಿಯೊಂದನ್ನು ಹರಿದು ಕೊಟ್ಟರು. ಮುತ್ತು ಪೋಣಿಸಿದಂಥ ಅಕ್ಷರ.

'ಸೋಮವಾರ, ಬೆಳಿಗ್ಗೆ ೧೧-೧೦. ಗುರುತು ಅಳಿಸಿದ ೪೦ ಬಿಲ್ಲೆ ಕುರಿತು. ಕುಲುಮೆಯವರ ನಂಬರಿಗೆ ಫೋನ್. ಪ್ರಶ್ನೆ: ಪ್ಲಸ್ ತಟ್ಟೆಗೆ ತಾಗಿದ ಮುಖ ಏನಾಗುತ್ತದೆ? ಉತ್ತರ, ಹೇಳಿದ ಮಾತಿನಲ್ಲೇ: ಪ್ಲಸ್ಸಿಗೆ ಅಂಟಿದ್ದು ಪ್ಲಸ್ಸೇ, ಇದಕ್ಕೂ ಮೇಷ್ಟ್ರು ಬೇಕಾ. ಆದ್ದರಿಂದ ಚುಕ್ಕೆ ಕೆಳಮುಖಕ್ಕೆ.'

ನಿಧಾನಪ್ಪ ಓದಿ ಮುಗಿಸಿದ. ಮತ್ತೆ ಮೊದಲಿನಿಂದ ಓದಿದ.

"ಮಾತಾಡಿದ್ದು ಗಂಡಸು" ಎಂದ. ಅದು ಪ್ರಶ್ನೆಯಾಗಿರಲಿಲ್ಲ.

"ಹೌದು ಸಾರ್. ಅವರಿಲ್ಲ, ಮಹಡಿ ಮೇಲೆ ಬಟ್ಟೆ ಒಣಗಿಸ್ತಿದಾರೆ, ಏನು ಹೇಳಿ ಅಂದ್ರು. ಕೇಳಿದೆ. ಥಟ್ ಅಂತ ಹೇಳಿದ್ರು. ಅಷ್ಟು ಗಟ್ಟಿಯಾಗಿ ಹೇಳಿದೋರನ್ನ ಹೇಗೆ ಅನುಮಾನಿಸೋದು? ಅವರ ಮನೆಯೋರಿಗೆ ಗೊತ್ತಿರಲ್ವಾ ಅಂದ್ಕೊಂಡೆ."

"ಇದನ್ನ ಮೊದಲೇ ಯಾಕೆ ತೋರಿಸಲಿಲ್ಲ?"

"ತೋರಿಸಿದ್ರೆ ದ್ರಾವಣದ ವಿಷಯ ಹೊರಗೆ ಬರುತ್ತಲ್ಲ ಸಾರ್."

ಆರು ವಾರ ಒಬ್ಬಳನ್ನು ಬೆಂಕಿಯ ಮೇಲೆ ನಿಲ್ಲಿಸಿದ್ದಕ್ಕೆ ಅಷ್ಟೇ ಕಾರಣ. ನಿಧಾನಪ್ಪನಿಗೆ ಸಾಹೇಬರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಅವನು ಬೇಕಾದಷ್ಟು ಕಂಡಿದ್ದ. ಆದರೆ ಈ ಸಲ ಜ್ವರ ಬಂದ ಎತ್ತು ತನ್ನ ಕೊಟ್ಟಿಗೆಯದೇ.

"ಇದನ್ನ ನಾನು ಇಟ್ಕೊಳ್ತೀನಿ."

"ಇಟ್ಕೊಳ್ಳಿ ಸಾರ್. ನಾನೂ ಮೇಡಂಗೆ ಎಲ್ಲ ಹೇಳ್ತೀನಿ, ಬರೆದು ಕೊಡ್ತೀನಿ." ಬಾಯಿ ಬಿಟ್ಟ ಮೇಲೆ ಸಾಹೇಬರ ಮುಖ ಹಗುರವಾಗಿತ್ತು. ನಿಯಮದ ಮನುಷ್ಯ ಮತ್ತೆ ನಿಯಮಕ್ಕೆ ಮರಳಿದ್ದ. "ಎರಡನೇ ಪ್ರತಿ ಎಲ್ಲಿದೆ ಅಂತ ಹುಡುಕಿ ಕಳಿಸಿಕೊಡ್ತೀನಿ. ಒಂದೇ ಪ್ರತಿ ಇದ್ರೆ ಅದು ದಾಖಲೆ ಆಗಲ್ಲ."

ನಿಧಾನಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಆಗಲೇ ಬಾಗಿಲಾಚೆ ಇದ್ದ. ಗಂಟೆ ಮೂರೂ ನಲವತ್ತು.

ಮೊದಲ ಮಹಡಿಗೆ ಹತ್ತುವ ಮೆಟ್ಟಿಲ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ತಮ್ಮ ತನ್ನ ವ್ಯಾನಿನ ಮುಂದಿನ ಗಾಜು ಒರೆಸುತ್ತಿದ್ದ. ಒಳ್ಳೆಯ ಕೆಲಸಗಾರ, ಕೆಟ್ಟವನಲ್ಲ. ಅಮ್ಮನ ಮಂಚದ ಪಕ್ಕ ಆರು ವಾರದಿಂದ ನೆಲದ ಮೇಲೆ ಮಲಗುತ್ತಿದ್ದಾನೆ. ದಿನಕ್ಕೆ ನಲವತ್ತು ಜನ ಫೋನ್ ಮಾಡಿ ತಂತಿ, ಬಲ್ಬು, ಬ್ಯಾಟರಿ ಅನ್ನುತ್ತಾರೆ. ಎಲ್ಲರಿಗೂ ಥಟ್ಟನೆ ಉತ್ತರ ಕೊಡುತ್ತಾನೆ, ಅಷ್ಟೇ ಬೇಗ ಮರೆಯುತ್ತಾನೆ. ಆ ಸೋಮವಾರದ್ದನ್ನೂ ಮರೆತಿರಬೇಕು. ಮರೆಯದಿದ್ದರೆ ಬೆಳಿಗ್ಗೆ ಅದೇ ಮಾತನ್ನು ಅಣ್ಣನ ಮುಂದೆ ಅಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಮೂರು ಕಾಲು ಹೋಗಿದ್ದವು.

ಮೇಡಂ ಕೋಣೆಯ ಬಾಗಿಲು ತೆರೆಯಿತು. ತಮ್ಮನ ಹೆಂಡತಿ ಹೊರಬಂದಳು. ಹಿಂದೆ ಬಾಗಿಲು ಅರ್ಧಕ್ಕೆ ನಿಂತಿತು.

"ಇಷ್ಟು ಬೇಗ ಯಾಕೆ ಹೋದೆ? ಇನ್ನೂ ನಾಲ್ಕಾಗಿಲ್ಲ."

"ಮುಗೀತು ಭಾವ. ಸಹಿ ಹಾಕಿದೆ. ನಾನೇ ಬೇಗ ಹಾಕ್ತೀನಿ ಅಂದೆ."

"ಏನಂತ ಹಾಕಿದೆ?"

"ಚುಕ್ಕೆ ನಾನೇ ತಪ್ಪಾಗಿ ಇಟ್ಟೆ ಅಂತ."

ನಿಧಾನಪ್ಪ ಚೀಟಿಯನ್ನು ಅವಳ ಮುಂದೆ ಹಿಡಿದ. ಅವಳು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನಿಂತಲ್ಲೇ ಓದಿದಳು. ಕಣ್ಣು ಕೊನೆಯ ಸಾಲಿಗೆ ಬಂದಾಗಲೂ ಮುಖದಲ್ಲಿ ಏನೂ ಬದಲಾಗಲಿಲ್ಲ. ಮೊದಲೇ ಓದಿದ್ದನ್ನು ಮತ್ತೆ ಓದುವವರ ಮುಖ ಹಾಗಿರುತ್ತದೆ.

"ನಿನಗೆ ಗೊತ್ತಿತ್ತು."

"ಅತ್ತೆ ಕಾಲು ಮತ್ತೆ ಕೊಯ್ದ ದಿನ ಹಳೇ ಕರೆಗಳನ್ನೆಲ್ಲ ತೆಗೆದು ನೋಡಿದೆ. ಪ್ಯಾಕಿಂಗಿಂದ ಬಂದಿದ್ದು, ಮೂರು ನಿಮಿಷ. ನಾನು ಮಾತಾಡಿದ್ದ ನೆನಪಿಲ್ಲ. ರಾತ್ರಿ ಊಟಕ್ಕೆ ಕೂತಾಗ ಸುಮ್ಮನೆ ಕೇಳೋ ಹಾಗೆ ಇವರನ್ನ ಕೇಳಿದೆ, ಪ್ಲಸ್ಸಿಗೆ ತಾಗಿದ್ದು ಏನಾಗುತ್ತೆ ಅಂತ." ಅವಳು ನಕ್ಕಳು ಅನ್ನಬಹುದು. "ಅವರು ನನ್ನ ಜೊತೆ ಆಡಿದ ಕೊನೇ ಮಾತು ಅದೇ. ಪೂರ್ತಿ, ಮೇಷ್ಟ್ರು ಸಮೇತ."

"ಅವನಿಗೆ ಹೇಳಬೇಕಿತ್ತು."

"ಏನಂತ ಹೇಳಲಿ ಭಾವ? ನಿಮ್ಮಮ್ಮನ ಕಾಲು ಹೋಗಿದ್ದು ನಿಮ್ಮ ಬಾಯಿಂದ ಅಂತಲಾ? ನನ್ನ ಮೇಲೆ ಸಿಟ್ಟಿದ್ರೆ ಇವತ್ತಲ್ಲ ನಾಳೆ ಇಳಿಯುತ್ತೆ. ತನ್ನ ಮೇಲೆ ತನಗೇ ಬಂದ್ರೆ ಅವರು ಬದುಕಲ್ಲ. ನೀವು ಅವರ ಅಣ್ಣ, ನಿಮಗೆ ಗೊತ್ತಿಲ್ವಾ?"

ನಿಧಾನಪ್ಪನಿಗೆ ಗೊತ್ತಿತ್ತು. ತಮ್ಮ ಹತ್ತು ವರ್ಷದವನಿದ್ದಾಗ ಬಾವಿಯ ಹಗ್ಗ ಕೈಬಿಟ್ಟು ಅಮ್ಮನ ಬೆರಳು ಜಜ್ಜಿಹೋಗಿತ್ತು. ಎರಡು ದಿನ ಅನ್ನ ಮುಟ್ಟಿರಲಿಲ್ಲ, ಕೊನೆಗೆ ಅಮ್ಮನೇ ಜಜ್ಜಿದ ಕೈಯಲ್ಲಿ ಉಣ್ಣಿಸಬೇಕಾಯಿತು.

"ಹದಿನಾಲ್ಕು ವರ್ಷದ ಕೆಲಸ ಕಣಮ್ಮ."

"ಕೆಲಸ ತಾನೇ." ಕೈ ಮುಂದೆ ಚಾಚಿದಳು. "ಅದನ್ನ ನನಗೆ ಕೊಟ್ಟುಬಿಡಿ ಭಾವ. ಇರೋದು ಅದೊಂದೇ ತಾನೇ?"

ನಿಧಾನಪ್ಪ ಕೊಡಲೂ ಇಲ್ಲ, ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಒಂದು ಕಡೆ ತಮ್ಮ, ಇನ್ನೊಂದು ಕಡೆ ತಮ್ಮನ ಹೆಂಡತಿ. ಜೀವಮಾನದಲ್ಲಿ ಮೊದಲ ಸಲ ಸಾಕ್ಷ್ಯವೊಂದು ಕಳೆದುಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವಳ ಕೊನೆಯ ಮಾತು ಆಗ ಅವನ ತಲೆಗೆ ಹೊಕ್ಕಿತು. ಒಂದೇ ತಾನೇ. ಚೀಟಿ ಸಾಹೇಬರು ಯಾವುದನ್ನೂ ಒಂದೇ ಪ್ರತಿ ಬರೆಯುವವರಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು. ಎರಡೆರಡು ಮೆಟ್ಟಿಲು ಹಾರಿ ಬರುವ ಹೆಜ್ಜೆ.

"ಅಣ್ಣ, ತಪ್ಪು ಮಾಡಿದವನು ಸಿಕ್ಕಿದನಂತಲ್ಲ!" ತಮ್ಮ ಏದುಸಿರು ಬಿಡುತ್ತಿದ್ದ. ಕೈಯಲ್ಲಿ ಮಡಿಸಿದ ಹಳದಿ ಕಾಗದ ಇತ್ತು. "ಆ ಪ್ಯಾಕಿಂಗ್ ಸಾಹೇಬ್ರು ಕೆಳಗೆ ಸಿಕ್ಕಿದ್ರು. ನಿಮ್ಮ ಅಣ್ಣನಿಗೆ ಕೊಡಿ, ಎರಡನೇ ಪ್ರತಿ ಅಂದ್ರು. ತಪ್ಪು ಹೇಳಿದ್ದು ಯಾರು ಅಂತ ಇದರಲ್ಲಿದೆಯಂತೆ."

"ಕೊಡೋ ಇಲ್ಲಿ."

"ಇರು, ನಾನೇ ಓದ್ತೀನಿ. ನಮ್ಮಮ್ಮನ ಕಾಲು." ಅವನು ಆಗಲೇ ಮಡಿಕೆ ಬಿಡಿಸಿದ್ದ. ಹೆಂಡತಿಗೆ ಕೇಳಿಸಲೆಂದೇ ಗಟ್ಟಿಯಾಗಿ ಓದಿದ. "ಕುಲುಮೆಯವರ ನಂಬರಿಗೆ ಫೋನ್. ನೋಡಿದ್ಯಾ, ಇವಳ ನಂಬರೇ. ಪ್ರಶ್ನೆ, ಪ್ಲಸ್ ತಟ್ಟೆಗೆ ತಾಗಿದ ಮುಖ ಏನಾಗುತ್ತದೆ. ಉತ್ತರ, ಪ್ಲಸ್ಸಿಗೆ ಅಂಟಿದ್ದು ಪ್ಲಸ್ಸೇ. ಸರಿಯಾಗೇ ಹೇಳಿದಾರಲ್ಲ ಅಣ್ಣ, ಇದಕ್ಕೂ ಮೇಷ್ಟ್ರು..."

ಅವನು ಆಡುತ್ತಿದ್ದ ಮಾತೂ ಕಾಗದದ ಮೇಲಿನ ಮಾತೂ ಒಂದೇ ಆಗಿತ್ತು. ಓದು ನಿಂತಿತು.

ತುಟಿ ಮಾತ್ರ ಅಲುಗುತ್ತಾ ಮತ್ತೊಮ್ಮೆ ಮೇಲಿನಿಂದ ಓದಿದ. ಸೋಮವಾರ. ಹನ್ನೊಂದೂ ಹತ್ತು. ಅವನ ಕಿವಿಯ ಹಿಂದೆ ಬೆವರು ಕಾಣಿಸಿಕೊಂಡಿತು. ಅರ್ಧ ತೆರೆದಿದ್ದ ಬಾಗಿಲು ಪೂರ್ತಿ ತೆರೆದು ಮ್ಯಾನೇಜರ್ ಮೇಡಂ ಹೊಸ್ತಿಲಲ್ಲಿ ನಿಂತರು. ಅವರ ಕೈಯಲ್ಲಿ ಸಹಿಯ ಶಾಯಿ ಇನ್ನೂ ಆರದ ಕಾಗದವಿತ್ತು.

ಆರು ವಾರದ ಮೇಲೆ ತಮ್ಮ ತನ್ನ ಹೆಂಡತಿಯ ಮುಖ ನೋಡಿದ.

"ಏನೇ" ಎಂದ. ಹನ್ನೊಂದು ವರ್ಷದಲ್ಲಿ ಅವನು ಅವಳ ಕೆಲಸದ ಬಗ್ಗೆ ನಿಜವಾಗಿ ಕೇಳಿದ ಮೊದಲನೆಯ ಪ್ರಶ್ನೆ ಅದು. "ಮೇಲಿನ ತಟ್ಟೆ ಪ್ಲಸ್ ಇದ್ರೆ, ಅದಕ್ಕೆ ತಾಗಿದ ಮುಖ ಏನಾಗುತ್ತೆ?"

ಅವಳು ಭಾವನ ಕಡೆ ನೋಡಿದಳು, ಮೇಡಂ ಕೈಯಲ್ಲಿದ್ದ ಕಾಗದ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ ಉತ್ತರ ಹೇಳಲು ಬಾಯಿ ತೆರೆದಳು.